ಓಡಿದ ಡೀಸೆಲ್ ಕಾರಿನಲ್ಲಿ ಹೊಸ ಸದ್ದು: ಎಂಜಿನ್ ಇಳಿಸುವ ಮೊದಲು ಏನೇನು ನೋಡಬೇಕು

ಎರಡು ಲಕ್ಷ ಕಿಲೋಮೀಟರ್ ದಾಟಿದ ಡೀಸೆಲ್ ಕಾರಿನಲ್ಲಿ ಟಕಟಕ ಅಂತ ಹೊಸ ಸದ್ದು ಶುರುವಾದರೆ, ನಮ್ಮ ಗಂಗಾವತಿ, ಸಿಂಧನೂರು ಕಡೆ ಗ್ಯಾರೇಜಿನಲ್ಲಿ ಮೊದಲು ಕೇಳುವ ಮಾತು ಒಂದೇ: "ಇಂಜಿನ್ ಕೆಲ್ಸಕ್ಕ ಬಂದೈತಿ, ಇಳಸ್ಬೇಕ." ಕೆಲವು ಸಲ ಅದು ನಿಜವೇ. ಆದರೆ ಅದೇ ಟಕಟಕ ಒಂದು ತಾಮ್ರದ ವಾಷರಿನಿಂದಲೂ ಬರುತ್ತದೆ, ಸಡಿಲಾದ ತಗಡಿನಿಂದಲೂ ಬರುತ್ತದೆ, ಸವೆದ ಪುಲ್ಲಿಯಿಂದಲೂ ಬರುತ್ತದೆ. ಸದ್ದು ಹೇಗಿದೆ ಅನ್ನುವುದಕ್ಕೆ ಜಾಸ್ತಿ ಬೆಲೆ ಕೊಡಬೇಡಿ. ಒಬ್ಬರಿಗೆ ಟಿಕ್ ಅಂತ ಕೇಳಿದ್ದು ಇನ್ನೊಬ್ಬರಿಗೆ ಟಕ್ ಅಂತ ಕೇಳುತ್ತದೆ. ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ ಅನ್ನುವುದನ್ನು ಹಿಡಿದುಕೊಂಡು ಹೋದರೆ ಮಾತ್ರ ದಾರಿ ಸಿಗುತ್ತದೆ.

ಇಲ್ಲಿ ಬರೆದಿರುವುದು ಕಾಮನ್ ರೈಲ್ ಡೀಸೆಲ್ ಕಾರುಗಳ ಬಗ್ಗೆ, ಅಂದರೆ ಎಲ್ಲ ಸಿಲಿಂಡರಿಗೂ ಒಂದೇ ಒತ್ತಡದ ಪೈಪಿನಿಂದ ಡೀಸೆಲ್ ಹೋಗುವ ಕಾರುಗಳ ಬಗ್ಗೆ. ಮುಖ್ಯವಾಗಿ 1248 ಸಿಸಿಯ ಫಿಯಟ್ ಮೂಲದ ಎಂಜಿನ್ನನ್ನು ಕಣ್ಣ ಮುಂದೆ ಇಟ್ಟುಕೊಂಡಿದ್ದೇನೆ. ಅದು ಮಾರುತಿಯ ಸ್ವಿಫ್ಟ್, ಡಿಸೈರ್‌ನಲ್ಲೂ ಇತ್ತು, ಟಾಟಾದ ವಿಸ್ಟಾದಲ್ಲೂ ಇತ್ತು, ಫಿಯಟ್‌ನ ಪುಂಟೊ, ಲಿನಿಯಾದಲ್ಲೂ ಇತ್ತು. 2020ರ ಏಪ್ರಿಲ್‌ನಲ್ಲಿ ಬಿಎಸ್‌-6 ಎಂಬ ಹೊಗೆ ನಿಯಮ ಬಂದಾಗ ಮಾರುತಿ ಡೀಸೆಲ್ ಕಾರು ಮಾಡುವುದನ್ನೇ ನಿಲ್ಲಿಸಿತು. ಹಾಗಾಗಿ ಈಗ ನಮ್ಮ ರಸ್ತೆ ಮೇಲಿರುವ ಆ ಗಾಡಿಗಳೆಲ್ಲ ಚೆನ್ನಾಗಿ ಓಡಿದವೇ. ಬೇರೆ ಡೀಸೆಲ್ ಗಾಡಿಗಳಿಗೂ ಇದರಲ್ಲಿ ಹೆಚ್ಚಿನದು ಹೊಂದುತ್ತದೆ.

ಗಾಡಿ ಅಲ್ಲೇ ನಿಲ್ಲಿಸಬೇಕಾದ ಸದ್ದು

ಸದ್ದಿನ ಜೊತೆ ಕೆಂಪು ಆಯಿಲ್ ದೀಪ ಹತ್ತಿದರೆ ಮುಂದೆ ಒಂದು ಫರ್ಲಾಂಗೂ ಹೋಗಬೇಡಿ. "ಮುನಿರಾಬಾದ್ ಇಲ್ಲೇ ಐತಿ, ಹೋಗಿಬಿಡೋಣ" ಅಂತ ಓಡಿಸಿದ್ದಕ್ಕೇ ಬೇರಿಂಗ್ ಬದಲಿಸಿದರೆ ಮುಗಿಯುತ್ತಿದ್ದ ಕೆಲಸ ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕ್‌ವರೆಗೆ ಹೋಗುತ್ತದೆ. ಆ ದೀಪ ಎಚ್ಚರಿಕೆ ಕೊಡುವುದೇ ತಡವಾಗಿ. ಆಯಿಲ್ ಒತ್ತಡ ಸಾಮಾನ್ಯವಾಗಿ ಅರ್ಧ ಬಾರ್ ಆಸುಪಾಸಿಗೆ ಇಳಿದ ಮೇಲೆಯೇ ಅದು ಹತ್ತುತ್ತದೆ. ಅಷ್ಟು ಹೊತ್ತಿಗೆ ಬೇರಿಂಗ್ ಒಣಗಿಕೊಂಡು ತಿರುಗುತ್ತಿರುತ್ತದೆ.

ಎಂಜಿನ್ ಬಿಸಿಯಾದ ಮೇಲೆ ಕೆಳಗಿನಿಂದ, ಆಯಿಲ್ ತುಂಬಿರುವ ತಳದ ತೊಟ್ಟಿಯಾದ ಚೇಂಬರ್ ಕಡೆಯಿಂದ ಭಾರವಾದ ಧಡ್‌ಧಡ್ ಬರುತ್ತಿದ್ದರೂ ಅಷ್ಟೇ. ದೀಪ ಹತ್ತದಿದ್ದರೂ ಟೋ ಮಾಡಿಸಿ.

ಇನ್ನೊಂದು ಅಪರೂಪದ್ದು, ಆದರೆ ಗೊತ್ತಿರಲೇಬೇಕು. ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊದ ಸೀಲ್ ಹೋದರೆ ಎಂಜಿನ್ ತನ್ನದೇ ಆಯಿಲನ್ನು ಎಳೆದುಕೊಂಡು ಉರಿಸಲು ಶುರು ಮಾಡಬಹುದು. ಆಗ ಕಾಲು ತೆಗೆದರೂ ರೇಸ್ ಏರುತ್ತಲೇ ಹೋಗುತ್ತದೆ, ಹಿಂದೆ ದಟ್ಟ ಹೊಗೆ. ಕೀ ತಿರುಗಿಸಿದರೂ ಎಂಜಿನ್ ಆಫ್ ಆಗುವುದಿಲ್ಲ, ಯಾಕೆಂದರೆ ಉರಿಯುತ್ತಿರುವುದು ಡೀಸೆಲ್ ಅಲ್ಲ. ಬ್ರೇಕ್ ಗಟ್ಟಿಯಾಗಿ ಒತ್ತಿ, ನಾಲ್ಕೋ ಐದೋ ಗೇರಿಗೆ ಹಾಕಿ, ಕ್ಲಚ್ ಒಮ್ಮೆಲೇ ಬಿಟ್ಟು ಎಂಜಿನ್ ಕಟ್ ಮಾಡಬೇಕು. ಆ ಹೊತ್ತಿನಲ್ಲಿ ಬಾನೆಟ್ ಎತ್ತಿ ಮೇಲೆ ಬಾಗಬೇಡಿ.

ಇವು ಯಾವುವೂ ಇಲ್ಲ ಅಂದರೆ ಅವಸರ ಬೇಡ. ನಿಧಾನವಾಗಿ ಹುಡುಕಬಹುದು.

ಕೇಳಬೇಕಾದ ಪ್ರಶ್ನೆಗಳು

ಮೊದಲನೆಯದು, ಸದ್ದು ಎಂಜಿನ್ ವೇಗದ ಜೊತೆ ಬದಲಾಗುತ್ತದೋ, ಗಾಡಿ ವೇಗದ ಜೊತೆಯೋ? ಗಾಡಿ ನಿಲ್ಲಿಸಿ ನ್ಯೂಟ್ರಲ್‌ನಲ್ಲಿ ರೇಸ್ ಮಾಡಿ. ಸದ್ದು ಬಂದರೆ ಎಂಜಿನ್ ಕಡೆಯದು. ನಿಂತಾಗ ಬರದೆ ಓಡುವಾಗ ಮಾತ್ರ ಬಂದರೆ ಖಾಲಿ ರಸ್ತೆಯಲ್ಲಿ 60ರ ವೇಗದಲ್ಲಿ ನ್ಯೂಟ್ರಲ್ ಮಾಡಿ ನೋಡಿ, ಎಂಜಿನ್ ಆಫ್ ಮಾಡಬೇಡಿ. ರೇಸ್ ಇಳಿದರೂ ಸದ್ದು ಹಾಗೇ ಮುಂದುವರಿದರೆ ಅದು ಚಕ್ರ, ಬೇರಿಂಗ್, ಆಕ್ಸಲ್, ಟೈರ್‌ಗೆ ಸಂಬಂಧಿಸಿದ್ದು. ಎಂಜಿನ್ ಮುಟ್ಟುವ ಅಗತ್ಯವೇ ಇಲ್ಲ.

ಎರಡನೆಯದು, ತಣ್ಣಗಿದ್ದಾಗ ಜಾಸ್ತಿಯೋ, ಬಿಸಿಯಾದಾಗ ಜಾಸ್ತಿಯೋ? ತಣ್ಣಗಿನ ಡೀಸೆಲ್ ಎಂಜಿನ್ ಸ್ವಲ್ಪ ಕಟಕಟ ಅನ್ನುವುದು ಸಹಜ. ಸಿಲಿಂಡರ್ ತಣ್ಣಗಿದ್ದಾಗ ಡೀಸೆಲ್ ಹತ್ತಿಕೊಳ್ಳಲು ತುಸು ಜಾಸ್ತಿ ಹೊತ್ತು ಬೇಕು. ಅಷ್ಟರಲ್ಲಿ ಒಳಗೆ ಸೇರಿದ ಡೀಸೆಲ್ ಎಲ್ಲ ಒಟ್ಟಿಗೆ ಹತ್ತಿಕೊಂಡು ಬಡಿಯುತ್ತದೆ. ಬಿಸಿಯಾಗುತ್ತಾ ಸದ್ದು ಕಡಿಮೆಯಾಗಬೇಕು. ತಿರುಗಾಮುರುಗಾ ಆದರೆ, ಅಂದರೆ ಬಿಸಿಯಾದಷ್ಟೂ ಸದ್ದು ಏರಿದರೆ, ಆಯಿಲ್ ಮತ್ತು ಬೇರಿಂಗ್ ಕಡೆ ನೋಡಬೇಕು. ರಾಯಚೂರಿನ ಏಪ್ರಿಲ್, ಮೇ ಬಿಸಿಲಿನಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಎಸಿ ಹಾಕಿಕೊಂಡು ಟ್ರಾಫಿಕ್‌ನಲ್ಲಿ ನಿಂತಾಗ ಆಯಿಲ್ ಪೂರ್ತಿ ತೆಳ್ಳಗಾಗಿರುತ್ತದೆ. ಚಳಿಗಾಲದಲ್ಲಿ ಕಾಣಿಸದ ಬೇರಿಂಗ್ ಸದ್ದು ಆಗ ಹೊರಗೆ ಬರುತ್ತದೆ.

ಮೂರನೆಯದು, ಲೋಡ್ ಬಿದ್ದಾಗ ಏನಾಗುತ್ತದೆ? ಏರು ಹತ್ತುವಾಗ, ಐದು ಜನ ಕೂತಾಗ ಜಾಸ್ತಿಯಾದರೆ ಸಿಲಿಂಡರ್ ಒಳಗಿನ ಒತ್ತಡಕ್ಕೆ ಸಂಬಂಧ ಇದೆ: ನಾಜಲ್ (ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್), ಅದರ ವಾಷರ್, ಎಕ್ಸಾಸ್ಟ್ ಪ್ಯಾಕಿಂಗ್ ಅಥವಾ ಬಿಗ್ ಎಂಡ್ (ಕನೆಕ್ಟಿಂಗ್ ರಾಡ್ ಕ್ರ್ಯಾಂಕಿಗೆ ಕೂರುವ ಕಡೆಯ ಬೇರಿಂಗ್). ಲೋಡಿಗೂ ಸದ್ದಿಗೂ ಸಂಬಂಧವೇ ಇಲ್ಲ ಅಂದರೆ ಪುಲ್ಲಿ, ಬೆಲ್ಟ್, ಆಲ್ಟರ್ನೇಟರ್ ಕಡೆ ಮೊದಲು ನೋಡಿ.

ಕೊನೆಯದು ಕ್ಲಚ್. ನ್ಯೂಟ್ರಲ್‌ನಲ್ಲಿ ನಿಂತು ಪೆಡಲ್ ಒತ್ತಿ. ಒತ್ತಿದಾಗ ಸದ್ದು ಶುರುವಾದರೆ ರಿಲೀಸ್ ಬೇರಿಂಗ್. ಒತ್ತಿದಾಗ ಸದ್ದು ನಿಂತು, ಬಿಟ್ಟಾಗ ಮತ್ತೆ ಬಂದರೆ ಗೇರ್ ಬಾಕ್ಸಿನ ಒಳ ಶಾಫ್ಟ್ ಬೇರಿಂಗ್ ಅಥವಾ ಫ್ಲೈವೀಲ್ ಕಡೆ ಅನುಮಾನ. ಎರಡು ತುಂಡಿನ ಡ್ಯುಯಲ್ ಮಾಸ್ ಫ್ಲೈವೀಲ್ ಇರುವ ಗಾಡಿಗಳಲ್ಲಿ ಅದು ಸವೆದರೆ ಐಡಲ್‌ನಲ್ಲಿ ಗಡಗಡ, ಆಫ್ ಮಾಡುವಾಗ ಒಂದು ದೊಡ್ಡ ಧಡಕ್ ಬರುತ್ತದೆ. ಅದನ್ನು ಬಿಗ್ ಎಂಡ್ ಅಂತ ತಪ್ಪು ತಿಳಿದು ಎಂಜಿನ್ ಬಿಚ್ಚಿದ ಉದಾಹರಣೆ ಬೇಕಾದಷ್ಟಿವೆ.

ಮೊಬೈಲಿನಲ್ಲಿ ಲೆಕ್ಕ

ಇದು ನನಗೆ ತುಂಬ ಇಷ್ಟದ ಪರೀಕ್ಷೆ, ಖರ್ಚಿಲ್ಲದ್ದು. ಎಂಜಿನ್ 900 ಆರ್‌ಪಿಎಂನಲ್ಲಿ ತಿರುಗುತ್ತಿದ್ದರೆ ಕ್ರ್ಯಾಂಕ್ ಸೆಕೆಂಡಿಗೆ 15 ಸುತ್ತು. ವಾಲ್ವ್ ತೆರೆಸುವ ಕ್ಯಾಮ್ ಅದರ ಅರ್ಧ, ಏಳೂವರೆ. ಒಂದು ಸಿಲಿಂಡರ್ ಉರಿಯುವುದೂ ಎರಡು ಸುತ್ತಿಗೊಮ್ಮೆ, ಅಂದರೆ ಅದೂ ಏಳೂವರೆ ಸಲ. ಒಂದೇ ನಾಜಲ್, ವಾಲ್ವ್ ಒತ್ತುವ ಒಂದೇ ಟ್ಯಾಪೆಟ್ ಸದ್ದು ಮಾಡಿದರೆ ಸೆಕೆಂಡಿಗೆ ಏಳೆಂಟು ಟಕ್ ಬರಬೇಕು. ಕ್ರ್ಯಾಂಕ್ ಜೊತೆಗೇ ತಿರುಗುವ ಪುಲ್ಲಿ, ಫ್ಲೈವೀಲ್‌ನಂಥದ್ದಾದರೆ 15.

ಕಿವಿಯಲ್ಲಿ ಇದನ್ನು ಎಣಿಸಲಾಗದು. ಬಾನೆಟ್ ಎತ್ತಿ ಮೊಬೈಲಿನಲ್ಲಿ ವಿಡಿಯೊ ಮಾಡಿ, ಕಾಲು ವೇಗದಲ್ಲಿ ಪ್ಲೇ ಮಾಡಿ. ಏಳೂವರೆಯದು ಸೆಕೆಂಡಿಗೆ ಹೆಚ್ಚುಕಡಿಮೆ ಎರಡಾಗುತ್ತದೆ, 15ರದು ನಾಲ್ಕಾಗುತ್ತದೆ. ಎರಡಕ್ಕೂ ನಾಲ್ಕಕ್ಕೂ ಇರುವ ವ್ಯತ್ಯಾಸ ಯಾರಿಗಾದರೂ ತಿಳಿಯುತ್ತದೆ. ಬಿಗ್ ಎಂಡ್ ವಿಷಯದಲ್ಲಿ ಮಾತ್ರ ಇದನ್ನು ನಂಬಿ ಕೂರಬೇಡಿ. ಅದು ಒಂದು ಸಲವೂ ಬಡಿಯಬಹುದು, ಜೋಡಿಯಾಗಿಯೂ ಬಡಿಯಬಹುದು.

ಆ ರೆಕಾರ್ಡಿಂಗ್ ಇಟ್ಟುಕೊಂಡಿರಿ, ರಿಪೇರಿ ಆದ ಮೇಲೆ ಹೋಲಿಸಲು ಬೇಕಾಗುತ್ತದೆ.

ಮೊದಲು ಹೊರಗಿನದು

ಗಾಡಿ ಸಮತಟ್ಟಿನ ಮೇಲೆ ನಿಲ್ಲಿಸಿ, ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ. ಡೀಸೆಲ್ ಎಂಜಿನ್ನಿನಲ್ಲಿ ಹೊಸ ಆಯಿಲ್ ಕೂಡ ಬೇಗ ಕಪ್ಪಾಗುತ್ತದೆ, ಬಣ್ಣ ನೋಡಿ ಹೆದರಬೇಡಿ. ಮಟ್ಟ ಕಡಿಮೆ ಇದ್ದರೆ ಟ್ಯಾಪೆಟ್‌ಗೂ ಟೈಮಿಂಗ್ ಚೈನ್ ಬಿಗಿ ಹಿಡಿಯುವ ಟೆನ್ಷನರಿಗೂ ಆಯಿಲ್ ಸರಿಯಾಗಿ ಸಿಗದೆ ಸದ್ದು ಬರುತ್ತದೆ. ಮೇಲಿನ ಗೆರೆ ದಾಟಿ ಏರಿದ್ದರೆ ಅದು ಇನ್ನೂ ಕೆಟ್ಟದ್ದು. ಮೂಸಿ ನೋಡಿ. ಡೀಸೆಲ್ ವಾಸನೆ ಹೊಡೆದರೆ ಡೀಸೆಲ್ ಇಳಿದು ಆಯಿಲ್ ತೆಳ್ಳಗಾಗಿದೆ. ಅಂಥ ಆಯಿಲ್‌ನಲ್ಲಿ ಬೇರಿಂಗ್ ಉಳಿಯುವುದಿಲ್ಲ.

ಆಮೇಲೆ ಕೆಳಗೆ ಬಗ್ಗಿ ನೋಡಿ. ಕೊಪ್ಪಳ, ರಾಯಚೂರು ಕಡೆ ಸುಗ್ಗಿಯಲ್ಲಿ ಸಜ್ಜೆ, ಹುರುಳಿ, ನವಣೆಯನ್ನು ರಸ್ತೆಗೇ ಹರಡಿ ಗಾಡಿಗಳಿಂದ ತುಳಿಸುವುದು ಎಲ್ಲರಿಗೂ ಗೊತ್ತು. ಆ ಬಳ್ಳಿ, ದಂಟು ಆಕ್ಸಲ್‌ಗೆ ಸುತ್ತಿಕೊಂಡರೆ ಸರಸರ, ಪಟಪಟ ಸದ್ದು ವೇಗದ ಜೊತೆ ಏರುತ್ತದೆ. ಸೈಲೆನ್ಸರ್‌ಗೆ ತಾಗಿ ಹೊತ್ತಿಕೊಳ್ಳುವ ಅಪಾಯವೂ ಇದೆ. ಹಾಗಾಗಿ ಅಂಥ ರಸ್ತೆ ದಾಟಿದ ಮೇಲೆ ಸುಮ್ನೆ ಒಮ್ಮೆ ಇಳಿದು ನೋಡುವುದು ಒಳ್ಳೆಯದು.

ಚೇಂಬರ್ ಮೇಲೆ ಹೊಸ ಪೆಟ್ಟು ಇದೆಯಾ? ನಮ್ಮ ಹಳ್ಳಿ ರಸ್ತೆಗಳ ಹಂಪ್‌ಗಳಿಗೆ ಅಳತೆ ಇಲ್ಲ, ಯಾರ ಮನೆ ಮುಂದೆ ಯಾರಿಗೆ ಬೇಕೋ ಅವರು ಹಾಕಿಕೊಂಡದ್ದು. ಚೇಂಬರ್ ಒಳಕ್ಕೆ ತಗ್ಗಾದರೆ ಅದರ ತಳಕ್ಕೂ ಆಯಿಲ್ ಎಳೆಯುವ ಜಾಲರಿಗೂ ನಡುವಿನ ಜಾಗ ಕಡಿಮೆಯಾಗಿ ಪಂಪಿಗೆ ಆಯಿಲ್ ಸಾಲುವುದಿಲ್ಲ. ಹೊರಗೆ ಒಂದು ಹನಿ ಸೋರಿರುವುದಿಲ್ಲ, ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಸರಿಯಾಗಿಯೇ ಕಾಣುತ್ತದೆ.

ಸೈಲೆನ್ಸರ್ ಮೇಲಿನ ಶಾಖ ತಡೆಯುವ ತಗಡನ್ನು ಎಂಜಿನ್ ತಣ್ಣಗಿದ್ದಾಗ ಕೈಯಿಂದ ತಟ್ಟಿ. ಖಣ ಅಂದರೆ ಅಲ್ಲೇ ಸಿಕ್ಕಿತು. ಎಂಜಿನ್ ಮೌಂಟಿಂಗ್ ರಬ್ಬರ್ ಬಿರುಕು ಬಿಟ್ಟರೆ ಐಡಲ್‌ನಲ್ಲಿ ಡ್ಯಾಶ್‌ಬೋರ್ಡ್ ಸಮೇತ ಗಡಗಡ. ಒಬ್ಬರು ಬ್ರೇಕ್ ಹಿಡಿದು ಕ್ಲಚ್ ಸ್ವಲ್ಪವೇ ಬಿಡಲಿ, ಇನ್ನೊಬ್ಬರು ಪಕ್ಕದಲ್ಲಿ ನಿಂತು ನೋಡಲಿ, ಗಾಡಿ ಮುಂದೆ ನಿಲ್ಲಬಾರದು. ಎಂಜಿನ್ ಎದ್ದು ಕೂತಂತೆ ಅಲ್ಲಾಡಿದರೆ ಮೌಂಟಿಂಗ್ ಹೋಗಿದೆ.

ಬೆಲ್ಟ್ ತೆಗೆದು ನೋಡುವುದು ಐದು ನಿಮಿಷದ ಕೆಲಸ, ಆದರೆ ಎಷ್ಟೋ ಮೆಕ್ಯಾನಿಕ್‌ಗಳು ಇದನ್ನು ಮಾಡದೆಯೇ ತೀರ್ಪು ಕೊಡುತ್ತಾರೆ. ಆಲ್ಟರ್ನೇಟರ್, ಎಸಿ ಕಂಪ್ರೆಸರ್, ಐಡ್ಲರ್ ಪುಲ್ಲಿ ತಿರುಗಿಸುವ ಬೆಲ್ಟ್ ಬಿಚ್ಚಿ ಅರ್ಧ ನಿಮಿಷ ಎಂಜಿನ್ ಓಡಿಸಿ. 1.3 ಲೀಟರಿನ, ಅಂದರೆ ಮೇಲೆ ಹೇಳಿದ 1248 ಸಿಸಿಯ ಎಂಜಿನ್ನಿನಲ್ಲಿ ವಾಟರ್ ಪಂಪ್ ಕೂಡ ಇದೇ ಬೆಲ್ಟಿನ ಮೇಲಿದೆ, ಅದಕ್ಕೇ ಜಾಸ್ತಿ ಹೊತ್ತು ಓಡಿಸಬಾರದು. ಸದ್ದು ನಿಂತರೆ ಎಂಜಿನ್ ಬಚಾವ್. ಒಂದೊಂದೇ ಪುಲ್ಲಿಯನ್ನು ಕೈಯಿಂದ ತಿರುಗಿಸಿ. ಮರಳು ಸಿಕ್ಕಿಕೊಂಡಂತೆ ಗರಗರ ಅನ್ನುವುದೇ ಕಳ್ಳ. ಟೈಮಿಂಗ್ ಬೆಲ್ಟ್ ಇರುವ ಗಾಡಿಗಳಲ್ಲಿ ಆ ಬೆಲ್ಟಿಗೆ ಮಾತ್ರ ಕೈ ಹಾಕಬೇಡಿ, ಹೊರಗಿನದನ್ನು ಮಾತ್ರ ತೆಗೆಯಿರಿ.

ಸಂಡೂರು, ತೋರಣಗಲ್ಲು ಕಡೆ ದಿನಾ ಓಡುವ ಗಾಡಿಯಾದರೆ ಏರ್ ಫಿಲ್ಟರ್ ಬಾಕ್ಸ್ ತೆರೆದು ಒಳಗಡೆ ಬೆರಳು ಆಡಿಸಿ. ಫಿಲ್ಟರಿನ ಆಚೆ ಬದಿಯಲ್ಲೂ ಕೆಂಪು ಅದಿರು ಧೂಳು ಅಂಟಿದರೆ ಫಿಲ್ಟರ್ ಸರಿಯಾಗಿ ಕೂತಿಲ್ಲ ಅಂತ ಅರ್ಥ. ಆ ಧೂಳು ನೇರ ಟರ್ಬೊದ ರೆಕ್ಕೆಗೆ ಬಡಿದು ಸಿಲಿಂಡರಿಗೆ ಹೋಗುತ್ತದೆ. ಹೊಸದಾಗಿ ಸೀಟಿ ಸದ್ದು ಬರುತ್ತಿದ್ದರೆ ಪೈಪ್ ಬಿಚ್ಚಿ, ಎಂಜಿನ್ ನಿಂತಿರುವಾಗ ಟರ್ಬೊ ಶಾಫ್ಟ್ ಅಲ್ಲಾಡಿಸಿ ನೋಡಿ. ಅಕ್ಕಪಕ್ಕ ಒಂಚೂರು ಆಟ ಇರಬಹುದು. ರೆಕ್ಕೆ ಗೋಡೆಗೆ ತಾಗಿದ ಗುರುತು ಇರಬಾರದು. ಸೀಟಿಯ ಜೊತೆ ಪಿಕಪ್ ಇಲ್ಲ, ಕಪ್ಪು ಹೊಗೆ ಇದೆ ಅಂದರೆ ಟರ್ಬೊಗಿಂತ ಮೊದಲು ಅದರ ಗಾಳಿ ತಣಿಸುವ ಇಂಟರ್‌ಕೂಲರ್ ಪೈಪ್ ಹರಿದಿದೆಯಾ ನೋಡಿ.

ನಾಜಲ್: ಜಾಸ್ತಿ ಮೋಸ ಮಾಡುವ ಜಾಗ

ಕಾರಟಗಿ ಕಡೆಯ ಮೇಷ್ಟ್ರೊಬ್ಬರು ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರು ತಂದಿದ್ದರು. ಮುಖ ಸಪ್ಪಗಾಗಿತ್ತು. "ಏನ್ ಮಾಡ್ಲಿ ಅಣ್ಣ, ಬಿಗ್ ಎಂಡ್ ಹೋಗೈತಿ, ಇಂಜಿನ್ ಇಳಸ್ಬೇಕಂತಾರ. ತಗೊಂಡು ವರ್ಷ ಆಗಿಲ್ಲ." ನಾನು ಕೇಳಿದ್ದು ಒಂದೇ: "ಮೇಷ್ಟ್ರೇ, ಗಾಡಿ ಒಳಗ ಹೊಗಿ ವಾಸನಿ ಬರ್ತದೇನ್ರಿ?" ಎಸಿ ಹೊರಗಿನ ಗಾಳಿಗೆ ಇಟ್ಟಾಗ ಬರುತ್ತದೆ, ಮನೆಯವರಿಗೆ ತಲೆನೋವು ಅಂದರು. ಬಿಗ್ ಎಂಡ್ ಹೋದರೆ ಒಳಗೆ ಹೊಗೆ ವಾಸನೆ ಬರಲು ಕಾರಣವೇ ಇಲ್ಲ.

ಎಂಜಿನ್ ಮೇಲಿನ ಪ್ಲಾಸ್ಟಿಕ್ ಕವರ್ ತೆಗೆದರೆ ಮೂರನೇ ನಾಜಲ್ ಬುಡದಲ್ಲಿ ಡಾಂಬರು ಸುರಿದ ಹಾಗೆ ಕಪ್ಪು ಗಟ್ಟಿ ಕೂತಿತ್ತು. ಉಳಿದ ಮೂರು ಒಣಗಿ ಬೂದು ಬಣ್ಣದಲ್ಲಿದ್ದವು. ಸೋಪಿನ ನೀರನ್ನು ಸ್ಪ್ರೇ ಬಾಟಲಿಯಲ್ಲಿ ಹಾಕಿ ಬುಡಕ್ಕೆ ಬಿಟ್ಟು ಸ್ಟಾರ್ಟ್ ಮಾಡಿದೆವು. ಒಂದೊಂದು ಟಕ್‌ಗೂ ಒಂದೊಂದು ಗುಳ್ಳೆ ಉಬ್ಬಿ ಒಡೆಯುತ್ತಿತ್ತು. ಮೇಷ್ಟ್ರು ಬಗ್ಗಿ ನೋಡಿ ನಕ್ಕುಬಿಟ್ಟರು.

ನಾಜಲ್ ತುದಿ ಹೆಡ್‌ನಲ್ಲಿ ಕೂರುವ ಕಡೆ ಒಂದು ತಾಮ್ರದ ವಾಷರ್ ಇರುತ್ತದೆ. ಉರಿಯುವ ಗ್ಯಾಸ್ ಮೇಲೆ ಬರದಂತೆ ತಡೆಯುವುದು ಅದೇ. ಅದು ಸುಟ್ಟರೆ, ಅಥವಾ ಒತ್ತಿ ಹಿಡಿಯುವ ಕ್ಲಾಂಪ್ ಬೋಲ್ಟ್ ಸಡಿಲವಾದರೆ, ಪ್ರತಿ ಕಂಪ್ರೆಷನ್ನಿಗೂ ಚಫ್ ಅಂತ ಗ್ಯಾಸ್ ಹಾರುತ್ತದೆ. ರೇಸ್ ಕೊಟ್ಟಾಗ, ಲೋಡ್ ಬಿದ್ದಾಗ ಸದ್ದು ಏರುತ್ತದೆ. ಅದಕ್ಕೇ ಬಿಗ್ ಎಂಡ್ ಅಂತ ತಪ್ಪು ತಿಳಿಯುವುದು. ವಾಷರಿನ ಬೆಲೆ ಏನೂ ಅಲ್ಲ, ಆದರೆ ಬಿಟ್ಟರೆ ಕಷ್ಟ. ಕೆಲವು ಎಂಜಿನ್‌ಗಳಲ್ಲಿ ನಾಜಲ್ ಬುಡ ಟ್ಯಾಪೆಟ್ ಕವರಿನ ಒಳಗಿರುತ್ತದೆ. ಅಲ್ಲಿ ಸೋರಿದ ಮಸಿ ಆಯಿಲ್‌ಗೆ ಸೇರಿ, ಚೇಂಬರಿನ ಜಾಲರಿ ಕಟ್ಟಿ, ಕೊನೆಗೆ ಟರ್ಬೊ ಮತ್ತು ಬೇರಿಂಗ್ ಎರಡನ್ನೂ ತಿನ್ನುತ್ತದೆ.

ಬಿಚ್ಚುವಾಗ ನಾಜಲ್ ಅಂಟಿಕೊಂಡಿರುತ್ತದೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಆಯಿಲ್ ಬಿಟ್ಟು ನೆನೆಸಿಡಿ. ಸುತ್ತಿಗೆಯಿಂದ ಬಡಿದು ಎಬ್ಬಿಸಲು ಹೋದರೆ ನಾಜಲ್ಲೇ ಹೋಗುತ್ತದೆ. ಹೊರಗೆ ಬಂದ ಮೇಲೆ ಹಳೆ ವಾಷರ್ ಗುಂಡಿಯಲ್ಲೇ ಉಳಿದಿದೆಯಾ ಅಂತ ಟಾರ್ಚ್ ಬಿಟ್ಟು ನೋಡಿ. ಅದರ ಮೇಲೆ ಹೊಸದನ್ನು ಕೂರಿಸಿದರೆ ಎರಡು ವಾರದಲ್ಲಿ ಮತ್ತೆ ಅದೇ ಕಥೆ. ಸೀಟ್ ಕಟ್ಟರ್‌ನಿಂದ ಮಸಿ ಕೆರೆಯುವಾಗ ತಳದ ಸಣ್ಣ ತೂತಿಗೆ ಗ್ರೀಸ್ ಹಚ್ಚಿದ ಬಟ್ಟೆ ತುರುಕಿ, ಮಸಿ ಸಿಲಿಂಡರಿಗೆ ಬೀಳಬಾರದು. ಮುಗಿದ ಮೇಲೆ ಅದನ್ನು ಹೊರಗೆಳೆಯಲು ಮರೆಯಬೇಡಿ. ಕ್ಲಾಂಪ್ ಬೋಲ್ಟ್ ಹೊಸದು ಹಾಕಿ, ಟಾರ್ಕ್ ವ್ರೆಂಚ್‌ನಲ್ಲೇ ಬಿಗಿ ಮಾಡಿ. ಯಾವ ನಾಜಲ್ ಯಾವ ಸಿಲಿಂಡರಿನದು ಅಂತ ಗುರುತು ಹಾಕಿಡಿ. ಅನೇಕ ಗಾಡಿಗಳಲ್ಲಿ ಒಂದೊಂದು ನಾಜಲ್‌ಗೂ ಕೋಡ್ ಇರುತ್ತದೆ, ಜಾಗ ಬದಲಾದರೆ ಸ್ಕ್ಯಾನರ್‌ನಲ್ಲಿ ಅದನ್ನೂ ಬದಲಿಸಬೇಕು.

ಬುಡ ಒಣಗಿದೆ, ಗುಳ್ಳೆ ಬರುವುದಿಲ್ಲ, ಆದರೂ ಟಕಟಕ ಇದೆ ಅಂದರೆ ನಾಜಲ್ ಒಳಗಿನ ದೋಷ ಇರಬಹುದು. ಕಾಮನ್ ರೈಲ್‌ನಲ್ಲಿ ಮುಖ್ಯ ಡೀಸೆಲ್‌ಗೆ ಮೊದಲು ಒಂದು ಚಿಟಿಕೆ ಡೀಸೆಲ್ ಬಿಟ್ಟು ಉರಿಯನ್ನು ಮೆದು ಮಾಡುತ್ತಾರೆ. ನಾಜಲ್ ಸವೆದು ಆ ಚಿಟಿಕೆ ಸರಿಯಾಗಿ ಬೀಳದಿದ್ದರೆ ಆ ಒಂದು ಸಿಲಿಂಡರ್ ಜೋರಾಗಿ ಬಡಿಯುತ್ತದೆ.

ಹಳೆ ಡೀಸೆಲ್ ಗಾಡಿಗಳಲ್ಲಿ ನಾಜಲ್ ಪೈಪಿನ ನಟ್ ಸಡಿಲಿಸಿ ಒಂದೊಂದೇ ಸಿಲಿಂಡರ್ ಕಟ್ ಮಾಡಿ ನೋಡುತ್ತಿದ್ದರು. ಕಾಮನ್ ರೈಲ್‌ನಲ್ಲಿ ಅದನ್ನು ಮಾಡಲೇಬಾರದು. ಐಡಲ್‌ನಲ್ಲೇ ಆ ಪೈಪಿನೊಳಗೆ ಸುಮಾರು 250ರಿಂದ 350 ಬಾರ್ ಇರುತ್ತದೆ, ಪೂರ್ತಿ ಲೋಡಿನಲ್ಲಿ ಸಾವಿರ ದಾಟುತ್ತದೆ. ಆ ಧಾರೆ ಚರ್ಮ ಸೀಳಿ ಒಳಗೆ ಹೋಗುತ್ತದೆ, ಬೆರಳು ಕತ್ತರಿಸುವ ಪರಿಸ್ಥಿತಿ ಬರುತ್ತದೆ. ಬದಲಿಗೆ ಎಂಜಿನ್ ಆಫ್ ಮಾಡಿ, ಕೀ ತೆಗೆದು, ಒಂದು ನಾಜಲ್‌ನ ವೈರ್ ಕನೆಕ್ಟರ್ ಬಿಚ್ಚಿ, ಸ್ಟಾರ್ಟ್ ಮಾಡಿ ಕೇಳಿ. ಮತ್ತೆ ಆಫ್ ಮಾಡಿ ಕೂರಿಸಿ, ಮುಂದಿನದಕ್ಕೆ ಹೋಗಿ. ಓಡುವಾಗ ಎಳೆಯಬೇಡಿ, ಆ ವೈರಿನಲ್ಲಿ ಬ್ಯಾಟರಿಗಿಂತ ಎಷ್ಟೋ ಪಟ್ಟು ಜಾಸ್ತಿ ವೋಲ್ಟೇಜ್ ಇರುತ್ತದೆ. ಚೆಕ್ ಎಂಜಿನ್ ದೀಪ ಹತ್ತುತ್ತದೆ, ಆಮೇಲೆ ಸ್ಕ್ಯಾನರ್‌ನಲ್ಲಿ ಅಳಿಸಬಹುದು.

ಒಂದನ್ನು ಬಿಚ್ಚಿದಾಗ ಟಕಟಕ ಪೂರ್ತಿ ನಿಂತರೆ ಆ ಸಿಲಿಂಡರಿನ ಉರಿಯೇ ಕಾರಣ, ನಾಜಲ್ ಮೇಲೆ ಅನುಮಾನ. ಸದ್ದು ತಗ್ಗಿ, ಮೆತ್ತಗೆ ಚಫ್‌ಚಫ್ ಉಳಿದರೆ ವಾಷರ್ ಸೋರಿಕೆ, ಯಾಕೆಂದರೆ ಡೀಸೆಲ್ ನಿಂತರೂ ಕಂಪ್ರೆಷನ್ ಇದ್ದೇ ಇರುತ್ತದೆ. ಸದ್ದು ಕಡಿಮೆಯಾಗಿ ಲಯ ಬದಲಾದರೆ, ಅದೂ ಕೆಳಗಿನಿಂದ ಬರುತ್ತಿದ್ದರೆ, ಬಿಗ್ ಎಂಡ್. ಯಾವುದನ್ನು ಬಿಚ್ಚಿದರೂ ಏನೂ ಬದಲಾಗಲಿಲ್ಲ ಅಂದರೆ ಸಿಲಿಂಡರಿಗೂ ಈ ಸದ್ದಿಗೂ ಸಂಬಂಧ ಕಡಿಮೆ.

ನಾಜಲ್ ಮೇಲೆ ಅನುಮಾನ ಬಂದರೆ ರಿಟರ್ನ್ ಟೆಸ್ಟ್ ಮಾಡಿಸಿ. ನಾಲ್ಕೂ ನಾಜಲ್‌ಗಳ ರಿಟರ್ನ್ ಪೈಪನ್ನು ನಾಲ್ಕು ಬಾಟಲಿಗೆ ಬಿಟ್ಟು ಕೆಲವು ನಿಮಿಷ ಐಡಲ್ ಓಡಿಸುತ್ತಾರೆ. ಮೂರು ಸಮ ಇದ್ದು ಒಂದು ಮಾತ್ರ ಬೇಗ ತುಂಬಿದರೆ ಅದೇ ಸವೆದದ್ದು. ನಾಲ್ಕೂ ಕೆಟ್ಟಿವೆ ಅಂತ ಸುಮ್ನೆ ನಂಬಿ ಸೆಟ್ಟೇ ಬದಲಿಸಬೇಡಿ. ಸದ್ದು ಡೀಸೆಲ್ ಹಾಕಿಸಿದ ಮೇಲೆಯೇ ಶುರುವಾಗಿದ್ದರೆ ಮೊದಲು ಡೀಸೆಲ್ ಫಿಲ್ಟರಿನ ನೀರು ಇಳಿಸಿ ನೋಡಿ.

ಚೈನ್

1.3 ಎಂಜಿನ್ನಿನಲ್ಲಿ ಕ್ರ್ಯಾಂಕಿನಿಂದ ಕ್ಯಾಮ್ ತಿರುಗಿಸಲು ಟೈಮಿಂಗ್ ಬೆಲ್ಟ್ ಇಲ್ಲ, ಚೈನ್ ಇದೆ. "ಚೈನ್ ಜೀವಮಾನ ಬರ್ತದೆ" ಅನ್ನುವ ಮಾತು ಚಾಲ್ತಿಯಲ್ಲಿದೆ. ಆಯಿಲ್ ಸರಿಯಾಗಿ ಬದಲಿಸಿದ್ದರೆ ಬಹಳ ದೂರ ಬರುತ್ತದೆ, ಇಲ್ಲದಿದ್ದರೆ ಬರುವುದಿಲ್ಲ.

ಬೆಳಿಗ್ಗೆ ಮೊದಲ ಸೆಲ್ಫ್ ಹೊಡೆದಾಗ ಬೆಲ್ಟ್ ಇರುವ ಬದಿಯಿಂದ ಎರಡು ಮೂರು ಸೆಕೆಂಡ್ ಖಣಖಣ ಬಂದು ನಿಂತರೆ, ರಾತ್ರಿ ಟೆನ್ಷನರ್‌ನಿಂದ ಆಯಿಲ್ ಇಳಿದುಹೋಗಿದೆ ಅಂತ. ಗಮನದಲ್ಲಿಡಿ, ಆಯಿಲ್ ಮತ್ತು ಫಿಲ್ಟರ್ ಬದಲಿಸಿ ನೋಡಿ. ಅದು ದಿನದಿಂದ ದಿನಕ್ಕೆ ಉದ್ದವಾಗುತ್ತಿದ್ದರೆ, ಬಿಸಿಯಾದ ಮೇಲೂ ರೇಸ್ ಬಿಟ್ಟಾಗ ಸರಪಳಿ ಎಳೆದಂತೆ ಕೇಳುತ್ತಿದ್ದರೆ ಮುಂದೂಡಬೇಡಿ. ಚೈನ್ ಹಲ್ಲು ಹಾರಿದರೆ ವಾಲ್ವ್‌ಗೆ ಪಿಸ್ಟನ್ ಬಡಿಯುತ್ತದೆ. ಸ್ಕ್ಯಾನರ್‌ನಲ್ಲಿ ಪಿ0016 ಕೋಡ್ ಬಂದರೆ ಕ್ರ್ಯಾಂಕ್‌ಗೂ ಕ್ಯಾಮ್‌ಗೂ ಹೊಂದಾಣಿಕೆ ತಪ್ಪಿದೆ ಅಂತ ಗಾಡಿಯೇ ಹೇಳುತ್ತಿದೆ. ಬದಲಿಸುವಾಗ ಚೈನ್ ಒಂದನ್ನೇ ಅಲ್ಲ, ಟೆನ್ಷನರ್, ಗೈಡ್, ಹಲ್ಲು ಚಕ್ರ ಎಲ್ಲ ಇರುವ ಕಿಟ್ಟೇ ಹಾಕಿಸಿ.

ಬಿಗ್ ಎಂಡ್ ಹೌದೋ ಅಲ್ಲವೋ

ಇಷ್ಟೆಲ್ಲ ಆದ ಮೇಲೆ ಇಲ್ಲಿಗೆ ಬರಬೇಕು, ಮೊದಲೇ ಅಲ್ಲ. ಉದ್ದ ಸ್ಕ್ರೂಡ್ರೈವರ್‌ನ ತುದಿ ಎಂಜಿನ್ ಮೇಲೆ, ಹಿಡಿ ಕಿವಿಗೆ. ಟ್ಯಾಪೆಟ್ ಕವರ್ ಮೇಲೆ, ಬ್ಲಾಕ್ ಮೇಲೆ, ಚೇಂಬರ್ ಮೇಲೆ ಒಂದೊಂದು ಕಡೆ ಕೇಳಿ. ಶಾಲು, ಸಡಿಲ ತೋಳು, ದಾರ ಯಾವುದೂ ಬೆಲ್ಟ್ ಹತ್ತಿರ ಹೋಗಬಾರದು. ಮೇಲೆ ಜೋರು, ಕೆಳಗೆ ಮೆಲ್ಲಗೆ ಅಂದರೆ ನಾಜಲ್ ಅಥವಾ ಟ್ಯಾಪೆಟ್. ಚೇಂಬರ್ ಕಡೆ ಜೋರಿದ್ದು, ಬಿಸಿ ಎಂಜಿನ್ನಿನಲ್ಲಿ 2000ಕ್ಕೆ ಏರಿಸಿ ಕಾಲು ಬಿಟ್ಟ ಆ ಕ್ಷಣದಲ್ಲಿ ಡಬಡಬ ಅಂತ ಜೋಡಿ ಬಡಿತ ಬಂದರೆ ಬೇರಿಂಗ್ ಆಟ ಬಂದಿದೆ. ಇದನ್ನು ಒಂದೇ ಸಲ ಮಾಡಿ, ಪದೇಪದೇ ಬೇಡ.

ಆಮೇಲೆ ಆಯಿಲ್ ಫಿಲ್ಟರ್ ಬಿಚ್ಚಿ. ಪೇಪರ್ ಮಡಿಕೆಗಳನ್ನು ಕತ್ತರಿಸಿ ಬಿಳಿ ಬಟ್ಟೆಯ ಮೇಲೆ ಹರಡಿ, ಆಯಿಲ್ ಒತ್ತಿ ತೆಗೆದು ಬಿಸಿಲಿಗೆ ಹಿಡಿಯಿರಿ. ಮಸಿ ಇರುವುದು ಸಹಜ. ಹೊಳೆಯುವ ಚೂರು ಕಂಡರೆ ಮ್ಯಾಗ್ನೆಟ್ ತನ್ನಿ. ಅಂಟಿದರೆ ಕಬ್ಬಿಣ: ಚೈನ್, ಕ್ಯಾಮ್, ಪಂಪ್ ಕಡೆಯದು. ಅಂಟದೆ ಬೆಳ್ಳಿ ಬಣ್ಣದ ಅಥವಾ ತಾಮ್ರದ ಬಣ್ಣದ ತೆಳು ಪುಡಿ ಇದ್ದರೆ ಬೇರಿಂಗ್ ಸವೆಯುತ್ತಿದೆ. ತಾಮ್ರದ ಬಣ್ಣ ಬಂದಿದೆ ಅಂದರೆ ಮೇಲಿನ ಪದರ ಆಗಲೇ ಹೋಗಿದೆ.

ಇದರ ಜೊತೆ ಆಯಿಲ್ ಪ್ರೆಷರ್ ಸ್ವಿಚ್ ತೆಗೆದು ಆ ಜಾಗಕ್ಕೆ ಮುಳ್ಳಿನ ಗೇಜ್ ಹಾಕಿಸಿ. ಎಂಜಿನ್ ಚೆನ್ನಾಗಿ ಬಿಸಿಯಾಗಿರಬೇಕು, ತಣ್ಣಗಿನ ಎಂಜಿನ್ನಿನ ಒತ್ತಡ ನಂಬಬಾರದು. 1000 ಆರ್‌ಪಿಎಂಗೆ 10 ಪಿಎಸ್‌ಐ ಅನ್ನುವುದು ಮೆಕ್ಯಾನಿಕ್‌ಗಳ ಹಳೆ ಲೆಕ್ಕ. ನಿಮ್ಮ ಎಂಜಿನ್ನಿನ ಸರಿಯಾದ ಅಂಕಿ ಸರ್ವೀಸ್ ಮ್ಯಾನ್ಯುವಲ್‌ನಲ್ಲಿ ಇರುತ್ತದೆ, ಕೊನೆ ಮಾತು ಅದರದ್ದೇ.

ಎಲ್ಲವೂ ಬೇರಿಂಗ್ ಕಡೆ ಬೊಟ್ಟು ಮಾಡಿದರೂ ಎಂಜಿನ್ ಇಳಿಸಲು ಒಪ್ಪುವ ಮೊದಲು ಚೇಂಬರ್ ಇಳಿಸಿ ನೋಡಲು ಹೇಳಿ. ಹೆಚ್ಚಿನ ಕಾರುಗಳಲ್ಲಿ ಎಂಜಿನ್ ಗಾಡಿಯಲ್ಲೇ ಇರುವಾಗ ಚೇಂಬರ್ ತೆಗೆದು, ಕನೆಕ್ಟಿಂಗ್ ರಾಡ್ ಕ್ಯಾಪ್ ಬಿಚ್ಚಿ ಬೇರಿಂಗ್ ನೋಡಬಹುದು. ಕ್ರ್ಯಾಂಕ್ ಮೇಲೆ ಉಗುರು ಆಡಿಸಿ. ನುಣುಪಾಗಿದ್ದು ಅಳತೆಯೂ ಸರಿ ಇದ್ದರೆ ಬೇರಿಂಗ್ ಮತ್ತು ಹೊಸ ರಾಡ್ ಬೋಲ್ಟ್‌ನಲ್ಲಿ ಮುಗಿಯಬಹುದು. ಉಗುರಿಗೆ ಗೆರೆ ಸಿಕ್ಕಿದರೆ ಕ್ರ್ಯಾಂಕ್ ಹೊರಗೆ ಬರಲೇಬೇಕು. ಆ ಬೇರಿಂಗ್ ಯಾಕೆ ಹೋಯಿತು ಅಂತ ಕೇಳದೆ ಬಿಡಬೇಡಿ. ಜಾಲರಿ ಕಟ್ಟಿತ್ತಾ, ಪಂಪ್ ಸೋತಿತ್ತಾ, ಆಯಿಲ್‌ಗೆ ಡೀಸೆಲ್ ಸೇರಿತ್ತಾ? ಕಾರಣ ಉಳಿದರೆ ಹೊಸ ಬೇರಿಂಗೂ ಅದೇ ದಾರಿ ಹಿಡಿಯುತ್ತದೆ.

ಸದ್ದು ಮುಚ್ಚಲು ದಪ್ಪ ಆಯಿಲ್ ಹಾಕಿ ಅನ್ನುವ ಸಲಹೆ ಕೊಡುವವರು ಇದ್ದಾರೆ. ಅದು ರಿಪೇರಿಯಲ್ಲ, ಮಾರುವವರ ಉಪಾಯ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ದಪ್ಪ ಆಯಿಲ್ ಮೇಲಕ್ಕೆ ಏರಲು ಜಾಸ್ತಿ ಹೊತ್ತು ಬೇಕು, ಚೈನ್ ಮತ್ತು ಟರ್ಬೊ ಅಷ್ಟು ಹೊತ್ತು ಒಣಗಿಯೇ ತಿರುಗುತ್ತವೆ. ಹಳೆ ಗಾಡಿ ಕೊಳ್ಳಲು ಹೋದಾಗ ಬಾನೆಟ್ ಮುಟ್ಟಿ ನೋಡಿ. ನೀವು ಹೋಗುವ ಮೊದಲೇ ಬಿಸಿ ಮಾಡಿಟ್ಟಿದ್ದರೆ ಮರುದಿನ ಬೆಳಿಗ್ಗೆ ಬರುತ್ತೇನೆ ಅಂತ ಹೇಳಿ ಬನ್ನಿ.

ಚಕ್ರದ ಕಡೆಯದು

ಇದು ಸುಲಭ. 50 ದಾಟಿದ ಮೇಲೆ ಗುಂಯ್ ಅನ್ನುವುದು, ಎಡಕ್ಕೆ ತಿರುಗಿಸಿದಾಗ ಏರಿದರೆ ಬಲ ಚಕ್ರದ ಬೇರಿಂಗ್, ಬಲಕ್ಕೆ ತಿರುಗಿಸಿದಾಗ ಏರಿದರೆ ಎಡದ್ದು. ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನ ಹೊರಟಾಗ ಕಟ್‌ಕಟ್ ಅಂದರೆ ಆಕ್ಸಲ್ ಜಾಯಿಂಟ್. ಗುಂಡಿಯಲ್ಲಿ ಮಾತ್ರ ಟಕ್ ಅಂದರೆ ಲಿಂಕ್ ರಾಡ್, ಲೋವರ್ ಆರ್ಮ್ ಬುಷ್. ರಸ್ತೆ ಬದಲಾದಂತೆ ಸದ್ದೂ ಬದಲಾದರೆ ಟೈರ್ ಉಬ್ಬುತಗ್ಗಾಗಿ ಸವೆದಿದೆ, ಮುಂದಿನದನ್ನು ಹಿಂದೆ ಹಾಕಿ ನೋಡಿ.

ಕೆಲಸ ಆದ ಮೇಲೆ

ನಾಜಲ್ ಬಿಚ್ಚಿ ಕೂರಿಸಿದ್ದರೆ ಅದೇ ದಿನ ಸೋಪಿನ ನೀರು ಮತ್ತೆ ಬಿಟ್ಟು ನೋಡಿ, ಒಂದು ವಾರ ಓಡಿಸಿದ ಮೇಲೆ ಇನ್ನೊಮ್ಮೆ. ಕೋಡ್‌ಗಳನ್ನು ಅಳಿಸಿ, ಯಾವುದು ಮತ್ತೆ ಬರುತ್ತದೆ ನೋಡಿ. ಬೇರಿಂಗ್ ಅಥವಾ ಚೈನ್ ಕೆಲಸ ಆಗಿದ್ದರೆ ಮೊದಲ ಆಯಿಲನ್ನು 1000 ಕಿಲೋಮೀಟರಿಗೇ ಇಳಿಸಿ, ಆ ಫಿಲ್ಟರನ್ನೂ ಕತ್ತರಿಸಿ ಬಿಸಿಲಿಗೆ ಹಿಡಿಯಿರಿ. ಕೆಲಸದ ಹೊತ್ತಿನಲ್ಲಿ ಉಳಿದ ಒಂದೆರಡು ಚೂರು ಕಂಡರೆ ಪರವಾಗಿಲ್ಲ. ಮೊದಲಿನಷ್ಟೇ ಹೊಳಪು ಕಂಡರೆ ಗಾಡಿ ಓಡಿಸಬೇಡಿ, ಚೇಂಬರ್ ಮತ್ತೆ ಇಳಿಸಿ.